ಅಪ್‌ಡೇಟ್: ತಮ್ಮನ ಮೊಬೈಲ್ ಬಂತು, ವಿಡಿಯೊ ಬರಲಿಲ್ಲ

ಹುಬ್ಬಳ್ಳಿಯ ಸಂತೆಯಲ್ಲಿ ತಳ್ಳುಗಾಡಿಯವನನ್ನು ಪೊಲೀಸರು ಎಳೆದೊಯ್ಯುವುದನ್ನು ಚಿತ್ರೀಕರಿಸಿದ ನನ್ನ ತಮ್ಮನ ಮೊಬೈಲ್ ಕಸಿದುಕೊಂಡಿದ್ದಾರೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ದಾರಿ ತೋರಿದ ಎಲ್ಲರಿಗೂ ನಮಸ್ಕಾರ.

ಒಂಬತ್ತನೆಯ ದಿನ ಮೊಬೈಲ್ ಕೈಗೆ ಬಂತು. ಆ ದಿನದ್ದೆಂದು ಉಳಿದಿರುವುದು ಬದನೆಕಾಯಿ ರಾಶಿಯ ಒಂದು ಫೋಟೊ ಮಾತ್ರ. ಅವನೇ ಕೊಟ್ಟ, ವಿಡಿಯೊ ಇರಲೇ ಇಲ್ಲ ಎನ್ನುತ್ತಾರೆ ಠಾಣೆಯವರು. ಕೈ ತಿರುಚಿ ಕಿತ್ತುಕೊಂಡರು ಎನ್ನುತ್ತಾನೆ ತಮ್ಮ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ಹೇಳುವುದೇ ಬೇರೆ: ಯಾರೂ ಕೈ ಮುಟ್ಟಲಿಲ್ಲ, ಗದರಿಸಿ ಕೇಳಿದರು, ಹುಡುಗ ಹೆದರಿ ಕೊಟ್ಟ. ದಾರ ಹಿಡಿದ ಒದ್ದೆ ಕೈಯನ್ನೇ ಮುಂದೆ ಚಾಚಿ, ಅವನು ಹೇಗೆ ಕೊಟ್ಟನೆಂದು ತೋರಿಸಿದರು. ನನಗೆ ಅವರ ಮಾತೇ ನಿಜವೆನಿಸುತ್ತದೆ. ಇದನ್ನು ಹೇಳಿದ್ದಕ್ಕೆ ತಮ್ಮ ಎರಡು ದಿನ ಮಾತು ಬಿಟ್ಟ. ಆದರೂ ಹೆದರಿಸಿ ಪಡೆದದ್ದನ್ನು ಸ್ವಇಚ್ಛೆಯಿಂದ ಕೊಟ್ಟದ್ದು ಎನ್ನಲು ನನ್ನ ಮನಸ್ಸು ಒಪ್ಪದು.

ಧಾರವಾಡದ ವಕೀಲರೊಬ್ಬರು ಕಾನೂನು ವಿವರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಪೊಲೀಸರಿಗೆ ಜಪ್ತಿಯ ಅಧಿಕಾರ ಕೊಡುತ್ತದೆ. ಆದರೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. 105ನೇ ಕಲಮಿನ ಪ್ರಕಾರ ಜಪ್ತಿಯನ್ನೇ ವಿಡಿಯೊ ಮಾಡಬೇಕು. ನಮಗೆ ಪಂಚನಾಮೆಯ ಒಂದು ಹಾಳೆಯೂ ಸಿಕ್ಕಿಲ್ಲ.

ಸೋಮವಾರ ಪೊಲೀಸ್ ಆಯುಕ್ತರ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆವು. ಅಳಿಸಿದ ವಿಡಿಯೊದ ಜಾಗದಲ್ಲಿ ಹೊಸದೇನೂ ತುಂಬಿಕೊಳ್ಳದಿರಲೆಂದು ಮೊಬೈಲನ್ನು ಸ್ವಿಚ್ ಆಫ್ ಮಾಡಿ ಅವ್ವನ ಟ್ರಂಕಿನಲ್ಲಿ ಇಟ್ಟಿದ್ದೇವೆ.