ಬೇಸ್‌ಬಾಲ್‌ನ ‘ಪ್ರಾಸ್ಪೆಕ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ, ನಮಸ್ಕಾರ.

ಬೇಸ್‌ಬಾಲ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಪ್ರಾಸ್ಪೆಕ್ಟ್’ ಅನ್ನೋ ಪದದ ಹತ್ತಿರ ಬಂದು ಒಂದು ವಾರದಿಂದ ಪೆನ್ನು ನಿಂತಿದೆ. ದೊಡ್ಡ ಲೀಗಿನಲ್ಲಿ ಇನ್ನೂ ನೆಲೆ ಕಾಣದೆ, ಕ್ಲಬ್ಬಿನ ಕಿರಿಯ ತಂಡಗಳಲ್ಲಿ ಪಳಗುತ್ತಿರುವ ಹುಡುಗ ಅಂತ ಅರ್ಥ. ಇಂಥ ಹುಡುಗರನ್ನು ಬೇರೆ ಕ್ಲಬ್ಬಿಗೆ ಕೊಟ್ಟು, ಆಗಲೇ ಹೆಸರು ಮಾಡಿದ ಪಿಚರ್‌ನನ್ನು (ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನನ್ನು) ತರುವುದು ಅಲ್ಲಿ ಮಾಮೂಲು. ಹಾಗಾಗಿ ಈ ಪದದಲ್ಲಿ ವಯಸ್ಸಿನ ಜೊತೆಗೆ ಬೆಲೆಯ ಲೆಕ್ಕವೂ ಇದೆ.

ನನ್ನ ಬರಹ 1987ರ ಆಗಸ್ಟ್‌ನಲ್ಲಿ ನಡೆದ ಒಂದು ಘಟನೆಯದು. ಡೆಟ್ರಾಯಿಟ್ ಟೈಗರ್ಸ್ ಟೊರಾಂಟೊ ಜೊತೆ ಪೈಪೋಟಿಯಲ್ಲಿತ್ತು. ಪಂದ್ಯ ಗೆಲ್ಲಿಸುವ ಪಿಚರ್ ಆಗಿಂದಾಗಲೇ ಬೇಕಿತ್ತು. ಅಟ್ಲಾಂಟಾದಿಂದ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದರು. ಬದಲಿಗೆ ಕೊಟ್ಟದ್ದು 20 ವರ್ಷದ ಜಾನ್ ಸ್ಮೋಲ್ಟ್ಜ್‌ನನ್ನು. ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದಲ್ಲೇ ಬೆಳೆದ ಹುಡುಗ. ಆ ವರ್ಷ ಕಿರಿಯ ತಂಡದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಅಲೆಕ್ಸಾಂಡರ್ ಡೆಟ್ರಾಯಿಟ್‌ಗೆ ಬಂದು 9 ಪಂದ್ಯ ಗೆದ್ದ, ಒಂದೂ ಸೋಲಲಿಲ್ಲ. ತಂಡ ತನ್ನ ವಿಭಾಗ ಗೆದ್ದು, ಮುಂದಿನ ಸುತ್ತಿನಲ್ಲಿ ಮಿನೆಸೋಟಾಗೆ ಸೋತಿತು. ಎರಡೇ ವರ್ಷಕ್ಕೆ ಅಲೆಕ್ಸಾಂಡರ್‌ನ ಆಟ ಮುಗಿಯಿತು. ಸ್ಮೋಲ್ಟ್ಜ್ ಅಟ್ಲಾಂಟಾಗೆ 20 ವರ್ಷ ಆಡಿದ. 1996ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, 2015ರಲ್ಲಿ ಬೇಸ್‌ಬಾಲ್ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್‌ನಲ್ಲಿ ಜಾಗ.

ಈಗ ಹೇಳಿ, 1987ರ ಸ್ಮೋಲ್ಟ್ಜ್‌ನನ್ನು ಏನಂತ ಕರೆಯೋಣ? ನಮ್ಮ ಕ್ರೀಡಾಪುಟಗಳ ‘ಉದಯೋನ್ಮುಖ ಆಟಗಾರ’ ನನಗೆ ಒಪ್ಪಿಗೆಯಿಲ್ಲ. ಅದನ್ನು ಆಗಲೇ ಮಿಂಚಲು ಶುರುಮಾಡಿದವನಿಗೆ ಬಳಸುತ್ತಾರೆ. ‘ಭರವಸೆಯ ಆಟಗಾರ’ ಪರವಾಗಿಲ್ಲ, ಆದರೆ ತಂಡದ ನಾಯಕನನ್ನೂ ಹಾಗೇ ಕರೆಯುತ್ತೇವಲ್ಲ.

ಅಪ್ಪನಿಗೆ ಫೋನಿನಲ್ಲಿ ಈ ಕತೆ ಹೇಳಿದೆ. ಪೂರ್ತಿ ಕೇಳಿ, “ಹಾಲುಹಲ್ಲಿನ ಹೋರಿ ಕೊಟ್ಟು ಉಳೋ ಎತ್ತು ಹೊಡ್ಕೊಂಡು ಬಂದ್ರು ಅನ್ನು. ಈ ಸಲ ಹೊಲ ಉತ್ತಿದ್ದಾಯ್ತು” ಅಂದರು. ದನದ ಜಾತ್ರೆಯಲ್ಲಿ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರಲ್ಲ, ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತ. ವಯಸ್ಸು, ಬೆಲೆ, ಮುಂದಿನ ನಂಬಿಕೆ ಮೂರೂ ಆ ಒಂದು ಮಾತಿನಲ್ಲಿವೆ. ನನಗೆ ತುಂಬಾ ಹಿಡಿಸಿತು. ಆದರೆ ಮನುಷ್ಯರನ್ನು ಹಾಗೆ ಕರೆದರೆ ದನಕ್ಕೆ ಹೋಲಿಸಿದಂತೆ ಆಗುತ್ತದಾ ಅನ್ನೋ ಅಳುಕಿದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತೀವಲ್ಲ, ಅದನ್ನು ನೆನೆದು ‘ಮೊಳಕೆ ಆಟಗಾರ’ ಅಂತಲೂ ಬರೆದು ನೋಡಿದೆ. ಓದಿದರೆ ಶಾಲೆಯ ಮಕ್ಕಳು ಅನ್ನಿಸಿತು, ಹೊಡೆದುಹಾಕಿದೆ.

ಹೀಗೆ ಆಟಗಾರರನ್ನು ಅದಲುಬದಲು ಮಾಡುವ ‘ಟ್ರೇಡ್’ಗೆ ಮಾತ್ರ ‘ಸಾಟಿ’ ಅಂತಲೇ ಹಾಕಿದ್ದೇನೆ, ಸಾಟಿ ವ್ಯಾಪಾರ ಅಂತೀವಲ್ಲ, ಆ ಸಾಟಿ. ‘ಮಾರಾಟ’ ಅಂದರೆ ತಪ್ಪು, ಇಲ್ಲಿ ಆಳಿಗೆ ಆಳು. 2016ರಲ್ಲಿ ಬಾಸ್ಟನ್ ಪಿಚರ್ ಕ್ರಿಸ್ ಸೇಲ್‌ಗಾಗಿ ಶಿಕಾಗೊ ವೈಟ್ ಸಾಕ್ಸ್‌ಗೆ ನಾಲ್ವರು ಹುಡುಗರನ್ನು ಕೊಟ್ಟಿತು. ಒಬ್ಬನಿಗೆ ನಾಲ್ವರು ಸಾಟಿ. ಸರಿಯಾಗಿ ಕೂರುತ್ತದೆ, ಅಲ್ವಾ?

‘ಸ್ಟಾರ್ಟಿಂಗ್ ಪಿಚರ್’ ಅನ್ನು ‘ಆರಂಭಿಕ’ ಅನ್ನಲಾರೆ. ಕ್ರಿಕೆಟ್ ಓದುಗರು ಹೊಸ ಚೆಂಡು ಹಿಡಿದವನು ಅಂದುಕೊಳ್ಳುತ್ತಾರೆ. ಇವನು ಮೊದಲ ಇನಿಂಗ್ಸ್‌ನಿಂದ ಐದಾರು ಇನಿಂಗ್ಸ್ ಒಬ್ಬನೇ ಎಸೆದು, ಆಮೇಲೆ ನಾಲ್ಕೈದು ದಿನ ಕೈಗೆ ವಿಶ್ರಾಂತಿ ಕೊಡುವವನು. ಸದ್ಯಕ್ಕೆ ‘ಸ್ಟಾರ್ಟರ್’ ಅಂತಲೇ ಇಟ್ಟಿದ್ದೇನೆ.

ಹಲ್ಲು ಬೀಳದ ಹೋರಿಗೆ ನಿಮ್ಮ ಕಡೆ ಏನಂತಾರೆ? ಆ ಮಾತನ್ನು ಕಸುಬು ಕಲಿಯುತ್ತಿರುವ ಹುಡುಗರಿಗೂ, ಬೈಗುಳ ಅಲ್ಲದೆ, ಬಳಸುವುದುಂಟಾ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಬರೆಯಿರಿ.