ಪಾರ್ಶ್ವವಾಯುವಿನ ನಂತರ ಬೇಕಾದದ್ದು ನಿಶ್ಶಬ್ದ ಕೋಣೆಯೇ, ಚಟುವಟಿಕೆಯ ಪರಿಸರವೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಂದೆಯವರಿಗೆ 68 ವರ್ಷ. ಐದು ವಾರಗಳ ಹಿಂದೆ ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆಯಿತು. ಬಲಗೈ ದುರ್ಬಲವಾಗಿದೆ, ಮಾತು ತಡವರಿಸುತ್ತದೆ. ಮಿದುಳಿಗೆ ವಿಶ್ರಾಂತಿ ಬೇಕೆಂದು ಹಿರಿಯರು ಹೇಳಿದ್ದರಿಂದ ಅವರನ್ನು ಒಳಕೋಣೆಯಲ್ಲಿ ಮಲಗಿಸಿದ್ದೇವೆ, ಬಂದವರಿಗೂ ಹೆಚ್ಚು ಮಾತನಾಡಿಸಲು ಬಿಡುತ್ತಿಲ್ಲ. ಫಿಸಿಯೋಥೆರಪಿಸ್ಟ್ ದಿನಕ್ಕೆ ಒಂದು ಗಂಟೆ ಬಂದು ಹೋಗುತ್ತಾರೆ. ಸುತ್ತಲಿನ ಪರಿಸರ ಉತ್ತೇಜನಕಾರಿಯಾಗಿದ್ದರೆ ಮಿದುಳು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಎಂದು ಈಚೆಗೆ ಓದಿದೆ. ಯಾವುದನ್ನು ನಂಬಬೇಕು?

ಉತ್ತರ: ನಮಸ್ಕಾರ. ನಿಮ್ಮ ತಂದೆಯವರನ್ನು ಹಗಲು ಹೊತ್ತಿನಲ್ಲಿ ಆ ಕೋಣೆಯಿಂದ ಮನೆಮಂದಿ ಓಡಾಡುವ ಕಡೆಗೆ ಕರೆತನ್ನಿ ಎಂಬುದೇ ನನ್ನ ಮೊದಲ ಸಲಹೆ. ಹಿರಿಯರ ಮಾತು ಕಾಳಜಿಯಿಂದ ಬಂದದ್ದು, ಮತ್ತು ನಿದ್ರೆ ನಿಜಕ್ಕೂ ಅಗತ್ಯ. ಆದರೆ ದಣಿವಾರಿಸಿಕೊಳ್ಳುವುದು ಬೇರೆ, ಮಾಡಲು ಏನೂ ಇಲ್ಲದೆ ದಿನವಿಡೀ ಮಲಗಿರುವುದು ಬೇರೆ.

ರಕ್ತ ಸಿಗದೆ ಸತ್ತ ನರಕೋಶಗಳು ಮರಳಿ ಬರುವುದಿಲ್ಲ. ಗಾಯದ ಸುತ್ತ ಉಳಿದ ಕೋಶಗಳೂ ಮಿದುಳಿನ ಇತರ ಭಾಗಗಳೂ ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ನಿಂತುಹೋದ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ವಹಿಸಿಕೊಳ್ಳುವುದರಿಂದಲೇ ಚೇತರಿಕೆ ಸಾಧ್ಯವಾಗುತ್ತದೆ, ಮತ್ತು ಆ ಸಂಪರ್ಕಗಳು ಗಟ್ಟಿಯಾಗುವುದು ಬಳಕೆಯಿಂದ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೇರಿಯನ್ ಡೈಮಂಡ್ ಮತ್ತು ಅವರ ಸಹೋದ್ಯೋಗಿಗಳು, ಸಂಗಾತಿಗಳೂ ಆಟದ ಸಾಮಾನುಗಳೂ ಇದ್ದ ಪಂಜರದಲ್ಲಿ ಬೆಳೆದ ಇಲಿಗಳ ಮಿದುಳಿನ ಹೊರಪದರ ಒಂಟಿ ಇಲಿಗಳದ್ದಕ್ಕಿಂತ ದಪ್ಪವಾಗಿರುವುದನ್ನು ತೋರಿಸಿದರು. 1990ರ ದಶಕದಲ್ಲಿ ಸ್ವೀಡನ್ನಿನ ಬಾರ್ಬ್ರೊ ಯೋಹಾನ್ಸನ್ ಅವರು ಪಾರ್ಶ್ವವಾಯು ಉಂಟುಮಾಡಿದ ಇಲಿಗಳನ್ನು ಅಂಥ ಪರಿಸರದಲ್ಲಿ ಇರಿಸಿದಾಗ ಮಿದುಳಿನ ಗಾಯವೇನೂ ಚಿಕ್ಕದಾಗಲಿಲ್ಲ, ಆದರೂ ಇಲಿಗಳ ಚಲನೆ ಉತ್ತಮಗೊಂಡಿತು. 15 ದಿನ ತಡವಾಗಿ ಅಲ್ಲಿಗೆ ಸ್ಥಳಾಂತರಿಸಿದ ಇಲಿಗಳಿಗೂ ಪ್ರಯೋಜನವಾಯಿತು ಎಂಬುದು ನನಗೆ ಇದರಲ್ಲಿ ಅತ್ಯಂತ ಮುಖ್ಯವಾಗಿ ಕಾಣುವ ಅಂಶ.

ಮನುಷ್ಯರ ವಿಷಯದಲ್ಲಿ ಪುರಾವೆ ಇಷ್ಟು ಗಟ್ಟಿಯಾಗಿಲ್ಲ, ಆದರೆ ಭರವಸೆ ಕೊಡುವಂತಿದೆ. ಫಿನ್ಲೆಂಡಿನಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ತಿಂಗಳ ಕಾಲ ದಿನಕ್ಕೆ ಕನಿಷ್ಠ ಒಂದು ಗಂಟೆ ತಮಗಿಷ್ಟವಾದ ಸಂಗೀತ ಕೇಳಿದ ರೋಗಿಗಳಲ್ಲಿ ಪದಗಳ ನೆನಪು ಮತ್ತು ಏಕಾಗ್ರತೆ ಇತರರಿಗಿಂತ ಹೆಚ್ಚು ಸುಧಾರಿಸಿತು, ಖಿನ್ನತೆಯೂ ಕಡಿಮೆ ಇತ್ತು. ಇನ್ನೊಂದು ಬದಿಯಲ್ಲಿ, 2004ರಲ್ಲಿ ಪ್ರಕಟವಾದ ಮೆಲ್ಬರ್ನಿನ ಸಮೀಕ್ಷೆಯೊಂದು ಆಸ್ಪತ್ರೆಯಲ್ಲಿದ್ದ ಪಾರ್ಶ್ವವಾಯು ರೋಗಿಗಳು ಹಗಲಿನ ಅರ್ಧಕ್ಕೂ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇದ್ದರು, ಸುಮಾರು 60 ಪ್ರತಿಶತ ಹೊತ್ತು ಒಂಟಿಯಾಗಿದ್ದರು ಎಂದು ದಾಖಲಿಸಿತು. ಒಂದು ಗಂಟೆಯ ಫಿಸಿಯೋಥೆರಪಿ ಎಷ್ಟೇ ಚೆನ್ನಾಗಿದ್ದರೂ ಉಳಿದ ಗಂಟೆಗಳು ಹೀಗೆ ಬರಿದಾಗಿ ಕಳೆಯಬಾರದು.

ಆದ್ದರಿಂದ ಊಟವನ್ನು ಎಲ್ಲರೊಡನೆ ಕುಳಿತು ಮಾಡಲಿ. ಲೋಟ ಹಿಡಿಯುವುದು, ಬಟ್ಟೆ ಮಡಿಸುವುದು ಮುಂತಾದ ಕೆಲಸಗಳಲ್ಲಿ ಬಲಗೈಗೂ ಪಾಲಿರಲಿ. ನಿಧಾನವಾದರೂ ನೀವು ಮುಂದಾಗಿ ಮಾಡಿಬಿಡಬೇಡಿ. ಮಾತನಾಡಿಸುವಾಗ ಚಿಕ್ಕ ವಾಕ್ಯಗಳಲ್ಲಿ ಕೇಳಿ, ಉತ್ತರಕ್ಕೆ ಕಾಯಿರಿ, ಅವರ ವಾಕ್ಯವನ್ನು ನೀವೇ ಪೂರ್ತಿ ಮಾಡಬೇಡಿ. ಬಂಧುಗಳು ಖಂಡಿತ ಬರಲಿ, ಆದರೆ ಗುಂಪಾಗಿ ಬರುವುದು ಬೇಡ. ಮುಖದಲ್ಲಿ ದಣಿವು ಕಂಡಾಗ ನಿಲ್ಲಿಸಿ, ಮಲಗಲು ಬಿಡಿ. ಎದ್ದು ನಡೆಯುವಾಗ ಬೀಳದಂತೆ ಒಬ್ಬರು ಜೊತೆಗಿರಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ನನ್ನ ತಾಯಿಯವರಿಗೆ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ, ಎಡಗಡೆ ಏನಿದ್ದರೂ ಗಮನಕ್ಕೇ ಬರುವುದಿಲ್ಲ. ದಿನವಿಡೀ ಟಿವಿ ಹಾಕಿಟ್ಟರೆ ಉತ್ತೇಜನ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಪ್ರತಿಕ್ರಿಯೆ ಬೇಡದ ಸದ್ದು ಮಿದುಳಿಗೆ ಕೆಲಸ ಕೊಡುವುದಕ್ಕಿಂತ ಗಮನವನ್ನು ಚದುರಿಸುವುದೇ ಹೆಚ್ಚು. ಅವರಿಗೆ ಪ್ರಿಯವಾದ ಒಂದು ಕಾರ್ಯಕ್ರಮವನ್ನು ಜೊತೆಯಲ್ಲಿ ನೋಡಿ, ಅದರ ಬಗ್ಗೆ ಮಾತನಾಡಿಸಿ, ಆಮೇಲೆ ಟಿವಿ ಆರಿಸಿ. ಎಡಭಾಗದ ಅರಿವಿಗಾಗಿ ಮೊದಲು ಎದುರಿಗೆ ಕುಳಿತು, ಅವರ ನೋಟ ನಿಮ್ಮನ್ನು ಹಿಡಿದ ಮೇಲೆ ನಿಧಾನವಾಗಿ ಎಡಕ್ಕೆ ಸರಿಯಿರಿ, ಎಡಗೈಯನ್ನು ಮುಟ್ಟಿ ಮಾತನಾಡಿಸಿ. ಕರೆಗಂಟೆ, ನೀರು, ಕನ್ನಡಕದಂಥ ಅಗತ್ಯ ವಸ್ತುಗಳು ಮಾತ್ರ ಅವರಿಗೆ ಕಾಣುವ ಬಲಬದಿಯಲ್ಲೇ ಇರಲಿ.

ಪ್ರಶ್ನೆ (ಮೂರನೆಯ ಸದಸ್ಯರು): ಇಲಿಯ ಮೀಸೆಯನ್ನು ಅಲುಗಾಡಿಸಿಯೇ ಪಾರ್ಶ್ವವಾಯುವಿನ ಹಾನಿಯನ್ನು ತಡೆದರೆಂದು ಓದಿದ್ದೇನೆ. ಹಾಗಾದರೆ ಉತ್ತೇಜನವನ್ನು ಮೊದಲ ಗಂಟೆಯಿಂದಲೇ ಕೊಡಬೇಕಲ್ಲವೇ?

ಉತ್ತರ: ಆ ಪ್ರಯೋಗ ನಡೆದದ್ದು ನಿಜ, ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ತಂಡ ಅದನ್ನು 2010ರಲ್ಲಿ ಪ್ರಕಟಿಸಿತು. ರಕ್ತನಾಳ ಮುಚ್ಚಿದ ಎರಡು ಗಂಟೆಗಳೊಳಗೆ ಮೀಸೆಯನ್ನು ಪ್ರಚೋದಿಸಿದಾಗ ಇಲಿಯ ಮಿದುಳು ಉಳಿಯಿತು. ಆದರೆ ಮನುಷ್ಯರಿಗೆ ಅದು ಚಿಕಿತ್ಸೆಯಾಗಿಲ್ಲ. ಮೊದಲ ದಿನದ ಅತಿಯಾದ ಚಟುವಟಿಕೆ ಹಾನಿಯನ್ನೂ ಮಾಡಬಹುದು: 2104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವೆರ್ಟ್ ಅಧ್ಯಯನದಲ್ಲಿ, 24 ಗಂಟೆಗಳೊಳಗೆ ಆರಂಭಿಸಿ ಪದೇಪದೇ ಎಬ್ಬಿಸಿ ಓಡಾಡಿಸಿದವರಲ್ಲಿ ಮೂರು ತಿಂಗಳ ನಂತರ ಉತ್ತಮ ಸ್ಥಿತಿ ತಲುಪಿದವರು 46 ಪ್ರತಿಶತ, ಸಾಮಾನ್ಯ ಆರೈಕೆ ಪಡೆದವರಲ್ಲಿ 50 ಪ್ರತಿಶತ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೈಕಾಲು ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಯಾವಾಗ, ಎಷ್ಟು ಎಬ್ಬಿಸಬೇಕೆಂಬುದನ್ನು ಅಲ್ಲಿನ ವೈದ್ಯರು ನಿರ್ಧರಿಸುತ್ತಾರೆ.