ಎಸ್ಸೆಸ್ಸೆಲ್ಸಿ ಆಯ್ತು, ಮುಂದೆ ಕಾಲೇಜು ಹೇಗೆ? ಪಿಯು ಉಪನ್ಯಾಸಕಿಯನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪಿಯು ಅಡ್ಮಿಷನ್ ನಡೆಯುತ್ತಿದೆ, ಗ್ರೂಪ್‌ನಲ್ಲಿ ದಿನಾ ಅವವೇ ಪ್ರಶ್ನೆ ಬರುತ್ತಿವೆ. ಇವತ್ತು ಸಂಜೆ 7ರಿಂದ ನಮ್ಮ ಮೇಡಂ ಉತ್ತರ ಕೊಡುತ್ತಾರೆ. ರಾಯಚೂರು ಜಿಲ್ಲೆಯ ಸರ್ಕಾರಿ ಪಿಯು ಕಾಲೇಜಿನಲ್ಲಿ 19 ವರ್ಷದಿಂದ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದಾರೆ. ಮಕ್ಕಳ ಸಿಇಟಿ, ಸ್ಕಾಲರ್‌ಶಿಪ್ ಅರ್ಜಿಗಳನ್ನೂ ಕೂತು ತುಂಬಿಸುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಮಾನ್ವಿಯ ತಂದೆ: ಮೇಡಂ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮಗನಿಗೆ ಸ್ಕಾಲರ್‌ಶಿಪ್ ಮಂಜೂರು ಅಂತ ತೋರಿಸುತ್ತಿದೆ. ಖಾತೆಗೆ ಹಣ ಬಂದಿಲ್ಲ. ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆ ಅಂತಾರೆ.

ಉಪನ್ಯಾಸಕಿ: ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇ ಬೇರೆ, ಎನ್‌ಪಿಸಿಐ ಸೀಡಿಂಗ್, ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಅಂತ ಆಧಾರ್‌ಗೆ ಜೋಡಿಸುವುದು ಬೇರೆ. ಸರ್ಕಾರದ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಸೀಡ್ ಮಾಡಿಸಿದ್ದಕ್ಕೆ ಹೋಗುತ್ತದೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತ ಇದೇ ಮಾತು ಹೇಳಿ, ಫಾರಂ ಕೊಡಿ. ಮಗನ ಆಧಾರ್ ಬೇಕು, ನಿಮ್ಮದಲ್ಲ.

ಕುಷ್ಟಗಿಯ ತಾಯಿ: ನಮ್ಮ ಹುಡುಗ ಗಣಿತದಲ್ಲಿ ಫೇಲ್ ಆಗಿದ್ದಾನೆ. ಒಂದು ವರ್ಷ ಹಾಳಾಯಿತಾ?

ಉಪನ್ಯಾಸಕಿ: ಇಲ್ಲ ತಾಯಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಹೈಸ್ಕೂಲಿಗೆ ಹೋಗಿ ಮುಂದಿನದಕ್ಕೆ ಹೆಸರು ಕಟ್ಟಿಸಿ. ಈ ವರ್ಷವೇ ಕಾಲೇಜು ಸೇರಬಹುದು. ಮನೆಯಲ್ಲಿ ಅವನಿಗೆ ಬೈಯಬೇಡಿ.

ದೇವದುರ್ಗದ ಚಿಕ್ಕಮ್ಮ: ಮೇಡಂ, ನಮ್ಮ ಅಕ್ಕನ ಮಗಳು 625ಕ್ಕೆ 571 ತೆಗೆದಿದ್ದಾಳೆ. ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಸೈನ್ಸೇ ಬೇಕು ಅಂತಾಳೆ. ಅಕ್ಕ, ಭಾವ ಪ್ರತಿ ವರ್ಷ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸ. ಹೋದ ವಾರ ಒಂದು ಪ್ರೈವೇಟ್ ಕಾಲೇಜಿನವರು ಮನೆಗೇ ಬಂದರು. ಫೀಸ್ ಬೇಡ, ನೀಟ್ ಕೋಚಿಂಗ್ ಫ್ರೀ ಅಂದರು. ಟಿಸಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎರಡೂ ತೆಗೆದುಕೊಂಡು ಹೋದರು. ರಸೀದಿ ಕೊಟ್ಟಿಲ್ಲ. ಈಗ ಫೋನ್ ಮಾಡಿ ಹಾಸ್ಟೆಲ್‌ಗೆ 60,000 ಕಟ್ಟಿ ಅಂತಿದ್ದಾರೆ. ಭಾವ ಓದೇ ಬೇಡ, ನಮ್ಮ ಜೊತೆ ಬರಲಿ ಅಂತಿದ್ದಾರೆ. ಏನು ಮಾಡಲಿ?

ಉಪನ್ಯಾಸಕಿ: ಅಕ್ಕಾ, ಇದು ಓದಿ ನನಗೆ ಸಂಕಟವಾಯಿತು. ಬಿಡಿಸಿ ಹೇಳುತ್ತೇನೆ, ಭಾವನವರಿಗೂ ಓದಿ ಹೇಳಿ.

ಮೊದಲು ಕಾಗದ. ಸೇರುವ ಕಾಲೇಜಿಗೆ ಟಿಸಿ ಕೊಡಲೇಬೇಕು, ಸರಿ. ಆದರೆ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಯಾರಿಗೂ ಬಿಟ್ಟು ಬರಬಾರದು. ತೋರಿಸಬೇಕು, ಜೆರಾಕ್ಸ್ ಕೊಡಬೇಕು, ವಾಪಸ್ ತರಬೇಕು. ಅವಳು ಇನ್ನೂ ಅಲ್ಲಿ ಸೇರಿಯೇ ಇಲ್ಲ. ಹಾಗಾಗಿ ನಾಳೆಯೇ ನೀವೂ ಭಾವನವರೂ ಹೋಗಿ. "ನಮ್ಮ ಮಗಳನ್ನು ಸೇರಿಸುವುದಿಲ್ಲ, ಕಾಗದ ಕೊಡಿ" ಅಂತ ಬರೆದ ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡಲಿಲ್ಲ ಅಂದರೆ ಆ ಪ್ರತಿ ಹಿಡಿದು ಜಿಲ್ಲಾ ಪಿಯು ಉಪನಿರ್ದೇಶಕರ ಕಚೇರಿಗೆ ಹೋಗಿ. ಜಗಳ ಬೇಡ, ದುಡ್ಡೂ ಬೇಡ.

ಎರಡನೆಯದು, ಫ್ರೀ ಅನ್ನುವ ಮಾತು. ಸರ್ಕಾರಿ ಶಾಲೆಯಲ್ಲಿ 10ನೇ ತರಗತಿ, ಸರ್ಕಾರಿ ಕಾಲೇಜಿನಲ್ಲಿ ಪಿಯು ಮುಗಿಸಿ ಡಿಗ್ರಿಗೋ ಡಿಪ್ಲೊಮಾಗೋ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಸ್ಕಾಲರ್‌ಶಿಪ್ ಕೊಡುತ್ತದೆ. ಪಿಯು ಪ್ರೈವೇಟಿನಲ್ಲಿ ಓದಿದರೆ ಅದಕ್ಕೆ ಅರ್ಜಿಯನ್ನೇ ಹಾಕುವ ಹಾಗಿಲ್ಲ. ಮನೆಗೆ ಬಂದವರು ಇದನ್ನು ಹೇಳಿರುವುದಿಲ್ಲ, ಅಲ್ವಾ?

ಊಟ, ವಸತಿಗೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಕೆಲವು ಕಡೆ ಮೊರಾರ್ಜಿ ದೇಸಾಯಿ ವಸತಿ ಪಿಯು ಕಾಲೇಜೂ ಇದೆ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಇಲ್ಲದೆ ಯಾವ ಅರ್ಜಿಯೂ ಮುಂದೆ ಹೋಗದು. ಆ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅಪ್ಪ, ಅಮ್ಮ ಗುಳೆ ಹೋಗುವುದಕ್ಕೆ ಮೊದಲೇ ಇದು ಮುಗಿಯಬೇಕು. ಅವರು ಬೆಂಗಳೂರಿನಲ್ಲಿ, ಅವಳು ಇಲ್ಲಿ, ಆಧಾರ್ ಒಟಿಪಿ ಅಪ್ಪನ ಫೋನಿಗೆ. ಇಂಥ ಕಾರಣಕ್ಕೆ ಅರ್ಜಿ ನಿಂತುಹೋದ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮೂರನೆಯದನ್ನು ಮಗುವಿಗೆ ಹೇಳಬೇಕು. ನಮ್ಮ ಕಡೆ ಪಿಯು ಸೈನ್ಸ್ ಎಲ್ಲಾ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. 571 ತೆಗೆದವಳು ಮೊದಲ ಕಿರುಪರೀಕ್ಷೆಯಲ್ಲಿ ಫೇಲ್ ಆಗಬಹುದು. ಆಗ ಅವಳು "ನಾನು ದಡ್ಡಿ" ಅಂದುಕೊಳ್ಳುತ್ತಾಳೆ. ನನ್ನ ಕ್ಲಾಸಿನಲ್ಲಿ ಒಬ್ಬಳು ಇದ್ದಳು, ಕೊನೆಯ ಬೆಂಚು, ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಬೆಲ್ ಹೊಡೆದ ಮೇಲೆ ನನ್ನ ಹಿಂದೆಯೇ ಬಂದು, "ಮೇಡಂ, ಆಕ್ಸಿಡೇಷನ್ ಅಂದರೆ ನಮ್ಮ ಉತ್ಕರ್ಷಣವಾ?" ಅಂತ ಕೇಳಿದಳು. ಹೌದು ಅಂದೆ. "ಹಂಗಾದರೆ ರಿಡಕ್ಷನ್ ಅಪಕರ್ಷಣ!" ಅಂದಳು. ಪಾಠ ಎಲ್ಲಾ ಅವಳಿಗೆ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಮರುದಿನ 200 ಪುಟದ ನೋಟ್‌ಬುಕ್ ತಂದು ಹಾಳೆಯ ನಡುವೆ ಗೆರೆ ಎಳೆದಳು. ಎಡಕ್ಕೆ ಆಕ್ಸಲರೇಶನ್, ಬಲಕ್ಕೆ ವೇಗೋತ್ಕರ್ಷ. ಎಡಕ್ಕೆ ಮೊಮೆಂಟಮ್, ಬಲಕ್ಕೆ ಸಂವೇಗ. ದಿನಕ್ಕೆ ಹತ್ತು ಪದ. ದಸರಾ ರಜೆ ಹೊತ್ತಿಗೆ ಅವಳು ಮುಂದಿನ ಬೆಂಚಿಗೆ ಬಂದಿದ್ದಳು.

ನಿಮ್ಮ ಹುಡುಗಿ ಆ ನೋಟ್‌ಬುಕ್ ಇವತ್ತೇ ಶುರು ಮಾಡಲಿ. 9, 10ನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ಮತ್ತು ಅದೇ ಪುಸ್ತಕದ ಇಂಗ್ಲಿಷ್ ಪ್ರತಿ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಸಾಕು. ಹಳೆಯ ಪುಸ್ತಕ ಶಾಲೆಯಲ್ಲೇ ಸಿಗುತ್ತವೆ. ಕೋಚಿಂಗ್ ಮಾತು ಆಮೇಲೆ.

ಗಂಗಾವತಿ ಅಣ್ಣ: *ಫಾರ್ವರ್ಡ್: ಕಲಾಂ, ವಾಜಪೇಯಿ ಹೆಸರಿನ ಸ್ಕಾಲರ್‌ಶಿಪ್. 10ನೇ ತರಗತಿ 75%ಗೆ 10,000, 12ನೇ ತರಗತಿ 85%ಗೆ 25,000. ಅರ್ಜಿ ನಗರಸಭೆಯಲ್ಲಿ. ಎಲ್ಲ ಗ್ರೂಪಿಗೂ ಕಳಿಸಿ.*

ಉಪನ್ಯಾಸಕಿ: ಸುಳ್ಳು. ಪ್ರತಿ ವರ್ಷ ಬರುತ್ತದೆ. ದಯವಿಟ್ಟು ತೆಗೆಯಿರಿ.

ಬೆಂಗಳೂರಿನಿಂದ, ಊರು ಯಾದಗಿರಿ: ಮೇಡಂ ಹೇಳಿದ್ದು ಸರಿ. ಆದರೆ ಮೂಲ ತಪ್ಪು ಕನ್ನಡ ಮೀಡಿಯಂನಲ್ಲಿ ಓದಿಸಿದ್ದು. ಒಂದನೇ ತರಗತಿಯಿಂದ ಇಂಗ್ಲಿಷ್ ಇದ್ದಿದ್ದರೆ ಈ ನೋಟ್‌ಬುಕ್ ಕಷ್ಟವೇ ಇರುತ್ತಿರಲಿಲ್ಲ.

ಸಿಂಧನೂರಿನ ಹೈಸ್ಕೂಲ್ ಮೇಷ್ಟ್ರು: ತಪ್ಪು ಅನ್ನಬೇಡಿ. ಆ ಹುಡುಗಿ 571 ತೆಗೆದಿದ್ದು ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದಕ್ಕೆ. ಮನೆಯಲ್ಲಿ ಒಂದು ಅಕ್ಷರ ಇಂಗ್ಲಿಷ್ ಇಲ್ಲದ ಮಗುವಿಗೆ ಒಂದನೇ ತರಗತಿಯಲ್ಲೇ ಇಂಗ್ಲಿಷ್‌ನಲ್ಲಿ ಗಣಿತ ಹೇಳಿದರೆ ಎರಡೂ ಬರುವುದಿಲ್ಲ. ನಾನು ದಿನಾ ನೋಡುತ್ತಿದ್ದೇನೆ.

ಬೆಂಗಳೂರಿನಿಂದ, ಊರು ಯಾದಗಿರಿ: ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ ಸರ್?

ಸಿಂಧನೂರಿನ ಹೈಸ್ಕೂಲ್ ಮೇಷ್ಟ್ರು: ನನ್ನ ಶಾಲೆಯಲ್ಲೇ. ಬಂದು ನೋಡಿ.

ಉಪನ್ಯಾಸಕಿ: ಒಂದು ವಿಷಯ ಹೇಳಿಬಿಡುತ್ತೇನೆ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ 5% ಮೀಸಲು ಇದೆ. ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15%. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರಬೇಕು. ಜೊತೆಗೆ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಇದೆ. ಈ ಭಾಗದ ಕಾಲೇಜುಗಳಲ್ಲಿ 70% ಸೀಟು, ರಾಜ್ಯದ ಬೇರೆ ಕಡೆ 8% ಸೀಟು ಸ್ಥಳೀಯರಿಗೆ. ಆ ಪ್ರಮಾಣಪತ್ರ ಎಸಿ (ಉಪವಿಭಾಗಾಧಿಕಾರಿ) ಕಚೇರಿಯದ್ದು, ಕೈಗೆ ಬರಲು ಸಮಯ ಹಿಡಿಯುತ್ತದೆ. ಫಸ್ಟ್ ಪಿಯುನಲ್ಲೇ ಮಾಡಿಸಿ.

ಲಿಂಗಸುಗೂರಿನ ತಂದೆ: ಮೇಡಂ ಎಸ್‌ಎಸ್‌ಪಿ ಹಣ ಬಂದಿಲ್ಲ.

ಉಪನ್ಯಾಸಕಿ: ಮೇಲೆ ಮೊದಲ ಉತ್ತರ ನೋಡಿ.

ದೇವದುರ್ಗದ ಚಿಕ್ಕಮ್ಮ: ಮೇಡಂ, ಹತ್ತೂ ವರ್ಷ ಅಂದಿರಲ್ಲ. ನಮ್ಮ ಹುಡುಗಿ ನಾಲ್ಕನೇ ತರಗತಿ ಬೆಂಗಳೂರಿನಲ್ಲಿ ಓದಿದ್ದಾಳೆ. ಆ ವರ್ಷ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಯದೂ ಸರ್ಕಾರಿ ಕನ್ನಡ ಶಾಲೆಯೇ.

ಗಂಗಾವತಿ ಅಣ್ಣ: ಅದಕ್ಕೇನು ಅಕ್ಕಾ, ಊರ ಶಾಲೆಯ ಹೆಡ್ ಮೇಷ್ಟ್ರಿಗೆ ಹೇಳಿ ಹತ್ತು ವರ್ಷ ಇಲ್ಲೇ ಅಂತ ಬರೆಸಿಕೊಳ್ಳಿ. ಎಲ್ಲರೂ ಮಾಡುತ್ತಾರೆ.

ಉಪನ್ಯಾಸಕಿ: ಅಣ್ಣಾ, ಇಂಥ ಸಲಹೆ ಕೊಡಬೇಡಿ. ಬಹಳ ಕೋಪದಿಂದ ಹೇಳುತ್ತಿದ್ದೇನೆ. ಈಗ ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್ ಇದೆ. ಯಾವ ವರ್ಷ ಯಾವ ಶಾಲೆ ಅಂತ ಅದರಲ್ಲೇ ತೆಗೆದು ನೋಡಬಹುದು. ಸುಳ್ಳು ಪತ್ರ ಅಂತ ಗೊತ್ತಾದರೆ ಸೀಟೇ ಹೋಗುತ್ತದೆ, ಕೇಸೂ ಆಗುತ್ತದೆ. ಬರೆದುಕೊಟ್ಟವರು ಪಾರಾಗಲು ನೋಡುತ್ತಾರೆ. ಓದು ನಿಲ್ಲುವುದು ಹುಡುಗಿಯದು.

ಚಿಕ್ಕಮ್ಮ, ಗಾಬರಿ ಬೇಡ. ಗ್ರಾಮೀಣ ಕೋಟಾ ಹೋಯಿತು, ನಿಜ. ಅಪ್ಪ, ಅಮ್ಮ ಕಲ್ಲು ಹೊತ್ತ ವರ್ಷಕ್ಕೆ ಮಗಳು ದಂಡ ಕಟ್ಟುವ ಹಾಗಾಯಿತು, ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಕನ್ನಡ ಮಾಧ್ಯಮದ ಕೋಟಾ ಉಳಿಯಿತು, ಅದಕ್ಕೆ ಊರು ಲೆಕ್ಕವಿಲ್ಲ. ಬೆಂಗಳೂರಿನ ಆ ಶಾಲೆಯಿಂದಲೂ ಒಂದು ವರ್ಷದ ವ್ಯಾಸಂಗ ಪ್ರಮಾಣಪತ್ರ ತರಬೇಕು, ಅಲ್ಲಿಯ ಬಿಇಒ ಸಹಿಯೊಂದಿಗೆ. ಈ ಸಲ ಗುಳೆ ಹೋದಾಗ ಭಾವನವರೇ ಮಾಡಿಸಿಕೊಂಡು ಬರಲಿ. ಶಾಲೆಯ ಹೆಸರು, ಬಡಾವಣೆ, ಸೇರಿದ ವರ್ಷ ಚೀಟಿಯಲ್ಲಿ ಬರೆದು ಅವರ ಜೇಬಿಗೆ ಇಡಿ. 371ಜೆಗೂ ಈ ಒಂದು ವರ್ಷದಿಂದ ತೊಂದರೆಯಿಲ್ಲ, ಅವಳು ಹುಟ್ಟಿದ್ದು ಇಲ್ಲೇ ತಾನೇ?

ದೇವದುರ್ಗದ ಚಿಕ್ಕಮ್ಮ: ಹೌದು ಮೇಡಂ, ಇಲ್ಲೇ.

ಕೊಪ್ಪಳದ ವಿದ್ಯಾರ್ಥಿ: ಮ್ಯಾಮ್, ನೀಟ್ ಕನ್ನಡದಲ್ಲಿ ಬರೆಯಬಹುದಾ?

ಉಪನ್ಯಾಸಕಿ: ಬರೆಯಬಹುದು. ಅರ್ಜಿಯಲ್ಲೇ ಕನ್ನಡ ಆರಿಸಬೇಕು. ಪ್ರಶ್ನೆ ಎರಡೂ ಭಾಷೆಯಲ್ಲಿ ಇರುತ್ತದೆ. ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿಯುತ್ತಾರೆ, ಸಿಇಟಿಯಲ್ಲಿ ಇಲ್ಲ. ಸಿಇಟಿಯಲ್ಲಿ ಒಂದೂ ಪ್ರಶ್ನೆ ಖಾಲಿ ಬಿಡಬೇಡ.

ಸಿರವಾರದ ರೈತ: ಬಿಎಸ್‌ಸಿ ಅಗ್ರಿಗೆ ಕೃಷಿಕರ ಕೋಟಾ ಇದೆಯಲ್ಲ, ಪಹಣಿ ಅಜ್ಜನ ಹೆಸರಲ್ಲಿದೆ, ನಡೆಯುತ್ತದಾ?

ಮಸ್ಕಿಯ ತಾಯಿ: ಮೇಡಂ, ಮಗಳು 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾಗಿದ್ದಳು. ಎರಡು ವರ್ಷ ದುಡ್ಡು ಬಂತು. ಈಗ ಶಾಲೆ ಬಿಟ್ಟಳಲ್ಲ, ಮುಗಿಯಿತಾ?

ಉಪನ್ಯಾಸಕಿ: ಮುಗಿದಿಲ್ಲ! ಕೇಳಿದ್ದು ಒಳ್ಳೆಯದಾಯಿತು. ಎನ್‌ಎಂಎಂಎಸ್ ವರ್ಷಕ್ಕೆ 12,000, 9ರಿಂದ ಸೆಕೆಂಡ್ ಪಿಯುವರೆಗೆ ನಾಲ್ಕು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ 60% ಇರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ 55%. ಆದರೆ ಪಿಯುನಲ್ಲಿ ತಾನಾಗಿ ಬರುವುದಿಲ್ಲ. ಕೇಂದ್ರ ಸರ್ಕಾರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ರಿನ್ಯೂವಲ್ ಹಾಕಬೇಕು, ಹೊಸ ಕಾಲೇಜಿನವರು ಅದನ್ನು ಒಪ್ಪಿ ಕಳಿಸಬೇಕು. ಹೈಸ್ಕೂಲಿನವರು ಕಾಲೇಜು ನೋಡಿಕೊಳ್ಳುತ್ತದೆ ಅಂತಾರೆ, ಕಾಲೇಜಿನವರಿಗೆ ಮಗು ಎನ್‌ಎಂಎಂಎಸ್ ಅಂತಲೇ ಗೊತ್ತಿರುವುದಿಲ್ಲ. ಉಳಿದ ಎರಡು ವರ್ಷದ 24,000 ಹಾಗೇ ಹೋಗುತ್ತದೆ. ಕಾಲೇಜು ಸರ್ಕಾರಿ ಅಥವಾ ಅನುದಾನಿತ ಆಗಿರಲಿ. ಸೇರುವ ದಿನವೇ ಗುಮಾಸ್ತರಿಗೆ ಹೇಳಿ.

ಗಂಗಾವತಿ ಅಣ್ಣ: *ಫಾರ್ವರ್ಡ್: ಒಂದೆಲಗದ ಪುಡಿ, ಬಾದಾಮಿ, ಜೇನುತುಪ್ಪ. 21 ದಿನದಲ್ಲಿ ಜ್ಞಾಪಕಶಕ್ತಿ ದುಪ್ಪಟ್ಟು. ಸಿಇಟಿ, ನೀಟ್ ಮಕ್ಕಳಿಗೆ ರಾಮಬಾಣ.*

ಉಪನ್ಯಾಸಕಿ: ಎರಡು ಸಲ ಹೇಳಿದ್ದೇನೆ. ಮಕ್ಕಳಿಗೆ ಬೇಕಾದ್ದು ಬೆಳಿಗ್ಗೆ ತಿಂಡಿ ಮತ್ತು ರಾತ್ರಿ ಏಳು ಗಂಟೆ ನಿದ್ದೆ. ನನ್ನ ಕ್ಲಾಸಿನಲ್ಲಿ ತಲೆ ತಿರುಗಿ ಬೀಳುವ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಆರಕ್ಕೆ ಬಸ್ ಹತ್ತಿದವರು. ಆ ಪುಡಿಯ ದುಡ್ಡಿನಲ್ಲಿ ಮೊಟ್ಟೆ ಕೊಡಿಸಿ.

ಗಂಗಾವತಿ ಅಣ್ಣ: ಆಯುರ್ವೇದಕ್ಕೆ ಅವಮಾನ ಮಾಡಬೇಡಿ. ಒಳ್ಳೆಯದಕ್ಕೇ ಹಾಕಿದ್ದು.

ಬೆಂಗಳೂರಿನಿಂದ, ಊರು ಯಾದಗಿರಿ: ಅಣ್ಣಾ, ಸುಳ್ಳು ಸರ್ಟಿಫಿಕೇಟ್ ಸಲಹೆಯೂ ಒಳ್ಳೆಯದಕ್ಕೇನಾ?

ಗಂಗಾವತಿ ಅಣ್ಣ: ನೀವು ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಮಾತಾಡುತ್ತೀರಿ.

ಬೆಂಗಳೂರಿನಿಂದ, ಊರು ಯಾದಗಿರಿ: ನಮ್ಮಪ್ಪನೂ ಗುಳೆ ಬಂದವರೇ. ಮಾತು ಹಿಡಿದು ಆಡಿ.

ಸಿಂಧನೂರಿನ ಹೈಸ್ಕೂಲ್ ಮೇಷ್ಟ್ರು: ಇಬ್ಬರೂ ಸುಮ್ಮನಿರಿ. ಪ್ರಶ್ನೆ ಕೇಳುವವರಿಗೆ ಜಾಗ ಬಿಡಿ.

ಬೆಂಗಳೂರಿನಿಂದ, ಊರು ಯಾದಗಿರಿ: ನೀವು ಶುರು ಮಾಡಿದ್ದೇ ಮೀಡಿಯಂ ಜಗಳ.

ಸಿಂಧನೂರಿನ ಹೈಸ್ಕೂಲ್ ಮೇಷ್ಟ್ರು: ನಾನಾ? ಮೇಲೆ ಹೋಗಿ ಓದಿ!

ಅಡ್ಮಿನ್: ಗಂಗಾವತಿ ಅಣ್ಣನ ಎರಡೂ ಫಾರ್ವರ್ಡ್ ತೆಗೆದಿದ್ದೇನೆ. ಇನ್ನೊಂದು ಬಂದರೆ ಗ್ರೂಪಿನಿಂದ ತೆಗೆಯಬೇಕಾಗುತ್ತದೆ.

ಕವಿತಾಳದ ತಂದೆ: ಮಗ ಪಿಯು ಬೇಡ, ಡಿಪ್ಲೊಮಾ ಅಂತಾನೆ. ಕೆಳಗಿನ ಓದಾ?

ಉಪನ್ಯಾಸಕಿ: ಕೆಳಗಿನ ಓದಲ್ಲ. ಸರ್ಕಾರಿ ಪಾಲಿಟೆಕ್ನಿಕ್ ಮೂರು ವರ್ಷ, ಫೀಸ್ ಕಡಿಮೆ. ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇಗೆ ಹೋಗಬಹುದು. ಕೈಕೆಲಸ ಇಷ್ಟ ಇದ್ದರೆ ಸೇರಿಸಿ.

ಮುದಗಲ್‌ನ ಅಣ್ಣ: ಎಂಜಿನಿಯರಿಂಗ್‌ಗೆ ಸಿಇಟಿ ಮಾರ್ಕ್ಸ್ ಮಾತ್ರವಾ? ಪಿಯು ಪಾಸಾದರೆ ಸಾಕಲ್ಲ?

ಉಪನ್ಯಾಸಕಿ: ಸಾಲದು. ರ್‍ಯಾಂಕ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಸೀಟಿಗೂ ಒಪ್ಪಿಗೆ ಕೊಡಲಿ. ಅದರಲ್ಲಿ ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಇರುತ್ತದೆ.

ಹಟ್ಟಿಯ ತಾಯಿ: ಎಸ್‌ಎಸ್‌ಪಿ ದುಡ್ಡು ಇನ್ನೂ ಬಂದಿಲ್ಲರೀ ಮೇಡಂ.

ಉಪನ್ಯಾಸಕಿ: ಎನ್‌ಪಿಸಿಐ. ಮೇಲೆ ಇದೆ.

ಹಟ್ಟಿಯ ತಾಯಿ: ಮೇಲೆ ಅಂದರೆ ಎಲ್ಲಿ? ಎಲ್ಲರಿಗೂ ಉದ್ದ ಉದ್ದ ಬರೆದಿದ್ದೀರಿ, ನಮಗೆ ಒಂದೇ ಪದ.

ಸಿಂಧನೂರಿನ ಹೈಸ್ಕೂಲ್ ಮೇಷ್ಟ್ರು: ತಾಯಿ, ನಂಬರ್ ಕಳಿಸಬೇಡಿ, ನಾಳೆ ನಿಮ್ಮೂರ ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಸೀಡಿಂಗ್" ಅಂತ ಕೇಳಿ. ಮಗುವನ್ನೂ ಕರೆದುಕೊಂಡು ಹೋಗಿ.

ದೇವದುರ್ಗದ ಚಿಕ್ಕಮ್ಮ: ಮೇಡಂ, ಭಾವನಿಗೆ ಎಲ್ಲಾ ಓದಿ ಹೇಳಿದೆ. ಮೊದಲು ಸಿಟ್ಟು ಮಾಡಿದರು. ಆ ನಾಲ್ಕನೇ ತರಗತಿ ಮಾತು ಬಂದಾಗ ಸುಮ್ಮನಾದರು. ನಾಳೆ ಮಾರ್ಕ್ಸ್ ಕಾರ್ಡ್ ಕೇಳಲು ಬರುತ್ತೇನೆ ಅಂದಿದ್ದಾರೆ. ಅರ್ಜಿ ಬರೆಯಲು ನಮಗೆ ಬರುವುದಿಲ್ಲ.

ಉಪನ್ಯಾಸಕಿ: ಅರ್ಜಿ ಹುಡುಗಿಯೇ ಬರೆಯಲಿ, ಕನ್ನಡದಲ್ಲಿ. ಭಾವನವರು ಸಹಿ ಮಾಡಲಿ, ಇಲ್ಲ ಹೆಬ್ಬೆಟ್ಟು ಒತ್ತಲಿ. ಬರೆದದ್ದರ ಫೋಟೋ ಈಗಲೇ ನನಗೆ ಕಳಿಸಿ, ಎಷ್ಟು ಹೊತ್ತಾದರೂ ನೋಡುತ್ತೇನೆ.